ಉಮ್ಮನ ಬಳೆ ಮತ್ತು ‘ಜೋ’ ನಾಣ್ಯ

ಉಮ್ಮ ನನಗೆ ಬಿಟ್ಟುಹೋದ ಎರಡು ಬಳೆಗಳನ್ನು ಮಗಳ ಮದುವೆಗೆಂದು ಕರಗಿಸಿ ಹೊಸದು ಮಾಡಿಸಲು ಹೊರಟೆ. ಚಿನ್ನದಂಗಡಿಯವರು ಒರೆಗೆ ಹಚ್ಚಿ, “ಹಾಲ್‌ಮಾರ್ಕ್ ಇಲ್ಲ, ಬೆಸುಗೆಯೂ ಜಾಸ್ತಿ” ಎಂದು ಬೆಲೆಯಲ್ಲಿ ಸಾಕಷ್ಟು ಕಳೆದರು. ಅವರ ಲೆಕ್ಕ ತಪ್ಪಲ್ಲ. ಆದರೂ ಮನಸ್ಸು ಚುಚ್ಚಿದಂತಾಯಿತು. “ನಾಲ್ಕು ಪವನ್ ಉಂಟು ಮಗಳೇ” ಎಂದು ಉಮ್ಮ ಎಷ್ಟು ಸಲ ಹೇಳಿದ್ದರು!

ಬಳೆಯನ್ನು ಹಾಗೆಯೇ ಮನೆಗೆ ತಂದೆ. ಹಳೆಯ ನಾಣ್ಯಗಳ ಹುಚ್ಚಿರುವ ನನ್ನ ತಮ್ಮ ನಗುತ್ತಾ, “ನಮ್ಮ ಪವನ್ ಕೂಡ ಇಂಗ್ಲೆಂಡಿನ ಪೌಂಡ್ ನಾಣ್ಯದಿಂದ ಬಂದ ಹೆಸರೇ ಅಲ್ಲವೇ ಅಕ್ಕಾ?” ಎಂದು ಒಂದು ಪುಸ್ತಕದ ಚಿತ್ರ ತೋರಿಸಿದ. ನಡುವೆ ತೇಪೆ ಹಾಕಿದ ಚಿನ್ನದ ನಾಣ್ಯ!

ಅದು ಪೋರ್ಚುಗೀಸರು ಬ್ರೆಜಿಲ್‌ನ ಚಿನ್ನದಿಂದ ಅಚ್ಚು ಹಾಕಿಸಿದ 6400 ರೈಸ್ ನಾಣ್ಯ. 22 ಕ್ಯಾರೆಟ್, ತೂಕ ಸುಮಾರು 14.3 ಗ್ರಾಂ. ದೊರೆ ಜೋವಾನನ ಹೆಸರಿನಿಂದ ಅದು ‘ಜೋ’ ಆಯಿತು. 18ನೇ ಶತಮಾನದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳನ್ನು ಆಳುತ್ತಿದ್ದ ಬ್ರಿಟಿಷರಾಗಲಿ ಫ್ರೆಂಚರಾಗಲಿ ಅಲ್ಲಿಗೆ ಸಾಕಷ್ಟು ನಾಣ್ಯ ಕಳಿಸುತ್ತಿರಲಿಲ್ಲ. ಹಾಗಾಗಿ ಇಂಥ ಪರದೇಶಿ ನಾಣ್ಯಗಳೇ ಅಲ್ಲಿನ ವ್ಯಾಪಾರದ ಹಣವಾದವು.

ಆದರೆ ಕೈಯಿಂದ ಕೈಗೆ ಹೋಗುವಾಗ ಅಂಚು ಕತ್ತರಿಸಿ, ಅರದಿಂದ ಉಜ್ಜಿ ಚಿನ್ನ ಕದಿಯುವವರಿದ್ದರು. ಹಗುರವಾದ ನಾಣ್ಯಕ್ಕೆ ತೂತು ಕೊರೆದು, ಚಿನ್ನದ ತುಂಡು ಸೇರಿಸಿ, ತೂಕ ಸರಿಪಡಿಸಿ ಠಸ್ಸೆ ಒತ್ತುತ್ತಿದ್ದರು. ಗ್ರೆನಡಾದಲ್ಲಿ ಅಂಚಿನ ಮೂರು ಕಡೆ ‘ಜಿ’ ಅಕ್ಷರ, ಸೇಂಟ್ ವಿನ್ಸೆಂಟ್‌ನಲ್ಲಿ ‘ಎಸ್’. ಠಸ್ಸೆ ಕಂಡರೆ ಜನರಿಗೆ ನಂಬಿಕೆ.

ತಮ್ಮ ಪುಸ್ತಕ ಮುಚ್ಚಿದರೂ ನನ್ನ ಯೋಚನೆ ನಿಲ್ಲಲಿಲ್ಲ. ಬ್ರೆಜಿಲ್‌ನ ಗಣಿಗಳಲ್ಲಿ ಆ ಚಿನ್ನ ತೆಗೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ದ್ವೀಪಗಳಲ್ಲಿ ಕಬ್ಬು ಕಡಿದವರೂ ಗುಲಾಮರೇ. ಅವರಲ್ಲಿ ಎಷ್ಟೋ ಜನರ ಮೈಮೇಲೆ ಕಾದ ಕಬ್ಬಿಣದಿಂದ ಒಡೆಯನ ಗುರುತು ಒತ್ತುತ್ತಿದ್ದರು. ನಾಣ್ಯ ಕಳೆದುಕೊಂಡದ್ದನ್ನು ತೂಗಿ ತುಂಬಿಸಿದರು. ಆ ತಾಯಂದಿರು, ಮಕ್ಕಳು ಕಳೆದುಕೊಂಡದ್ದನ್ನು ಯಾರು ತೂಗಿದರು? ಠಸ್ಸೆ ತೂಕ ಹೇಳುತ್ತದೆ, ದುಡಿದವರ ಹೆಸರು ಹೇಳುವುದಿಲ್ಲ.

ಬಳೆಗಳನ್ನು ನಾನು ಕರಗಿಸಲಿಲ್ಲ. ಅವು ಉಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿ, ಅಕ್ಕಿ ಡಬ್ಬಿಯಲ್ಲಿ ಹಣ ಉಳಿಸಿ ಕೊಂಡ ಬಳೆಗಳು. ಬೆಸುಗೆ ಹಾಕಿಸಿದ್ದು ಕೂಡ ಹೊಸದು ಕೊಳ್ಳಲಾಗದೆಯೇ. ಮಗಳ ಕೈಗೆ ಅವನ್ನು ತೊಡಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಅಜ್ಜಿ ಚಿಮಿಣಿ ಬೆಳಕಿನಲ್ಲಿ ಬೀಡಿ ಕಟ್ಟುತ್ತಿದ್ದದ್ದು ಹೇಗೆಂದು ಹೇಳಿದೆ. ಅವಳು ಬೆಸುಗೆಯ ಜಾಗವನ್ನು ಬೆರಳಿನಿಂದ ಸವರಿ, “ಇದು ಹೀಗೆಯೇ ಇರಲಿ ಉಮ್ಮಾ” ಎಂದಳು.