ಇಳಿಯುವುದೇ ದೊಡ್ಡ ವಿದ್ಯೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ವಿನ್ನೆಬೇಗೊ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಆಷ್‌ಕಾಷ್ ಎಂಬ ಊರಿದೆ. ಜುಲೈ ಕೊನೆಗೆ ಅಲ್ಲಿ ವಿಮಾನಗಳ ಜಾತ್ರೆ! 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಆರಂಭಿಸಿದ ಹವ್ಯಾಸಿ ವಿಮಾನಗಾರರ ಸಂಘ 1970ರಿಂದ ಇದನ್ನು ಇಲ್ಲಿ ನಡೆಸುತ್ತ ಬಂದಿದೆ. 2020ರಲ್ಲಿ ಮಾತ್ರ ಕೊರೊನಾದಿಂದ ನಿಂತಿತ್ತು. ಸುಮಾರು 10,000 ವಿಮಾನಗಳು ಈ ಊರಿಗೂ ಸುತ್ತಲಿನ ನಿಲ್ದಾಣಗಳಿಗೂ ಬಂದಿಳಿಯುತ್ತವೆ. ವಿಮಾನ ಇಳಿಯುವ ಹಾದಿಯ ಮೇಲೆ ಬಣ್ಣದ ದೊಡ್ಡ ಬೊಟ್ಟುಗಳನ್ನು ಬಳಿದಿರುತ್ತಾರೆ. ಯಾರು ಯಾವ ಬೊಟ್ಟಿನ ಮೇಲೆ ಇಳಿಯಬೇಕೆಂದು ರೇಡಿಯೊದಲ್ಲಿ ಹೇಳುತ್ತಾರೆ. ಥೇಟ್ ನಮ್ಮ ರಂಗೋಲಿ ಚುಕ್ಕಿ!

ಕಳೆದ ವರ್ಷ ಅಕ್ಕನ ಮಗಳ ಮನೆಗೆ ಹೋಗಿದ್ದಾಗ ನಾನೂ ಈ ಜಾತ್ರೆ ನೋಡಿದೆ. ಸಾಲಾಗಿ ನಿಂತಿದ್ದ ಎಷ್ಟೋ ಪುಟ್ಟ ವಿಮಾನಗಳು ಜನ ತಮ್ಮ ಮನೆಯ ಕಾರ್‌ಶೆಡ್ಡಿನಲ್ಲೇ ಕಟ್ಟಿದವು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳ ಕೈಯಿಂದಲೇ ಆಗಿರಬೇಕೆಂಬುದು ಅಲ್ಲಿನ ಕಾನೂನು. ಮೈಮೇಲೆ 'ಎಕ್ಸ್‌ಪೆರಿಮೆಂಟಲ್', ಅಂದರೆ ಪ್ರಾಯೋಗಿಕ ಎಂದು ಬರೆದಿರುತ್ತದೆ. ಒಳಗೆ ಇಣುಕಿದರೆ ಇನ್ನೊಂದು ಫಲಕ: ಇದು ಹವ್ಯಾಸಿಗಳು ಕಟ್ಟಿದ್ದು, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಹೊಂದುವಂಥದ್ದಲ್ಲ ಎಂದು! ಓದಿ ನನ್ನೆದೆ ಧಸಕ್ಕೆಂದಿತು. ನಮ್ಮ ಹುಡುಗಿ ಹಾರಲು ಕಲಿಯುತ್ತಿರುವುದೂ ಗಂಡ ಕಟ್ಟಿದ ಇಂಥದೇ ವಿಮಾನದಲ್ಲಿ. "ಬೇಡಾಂತ ಹೇಳಿ ಬಾರೇ" ಎಂದು ಅಕ್ಕ ನಾನು ಹೊರಡುವಾಗಲೇ ಕೈ ಹಿಡಿದು ಹೇಳಿದ್ದಳು.

ಎರಡು ದಿನ ಬಿಟ್ಟು ಅವಳ ಪಾಠ. ಹೊಲಗಳ ನಡುವಿನ ಸಣ್ಣ ಮೈದಾನ. ಬೇಲಿಯ ಪಕ್ಕದ ಬೆಂಚಿನಲ್ಲಿ ನಾನು ಕೂತೆ.

"ಮೇಲೇರೋದು ಸುಲಭ ಚಿಕ್ಕಮ್ಮ, ಇಳಿಯೋದೇ ಕಷ್ಟ" ಎಂದು ಅವಳು ಮೊದಲೇ ವಿವರಿಸಿದ್ದಳು. ಗಾಳಿಗೆ ಎದುರಾಗಿ, ವೇಗವನ್ನು ಹದದಲ್ಲಿಟ್ಟುಕೊಂಡು ಬರಬೇಕು. ಇನ್ನೇನು ನೆಲ ಸಿಕ್ಕಿತು ಅನ್ನುವಾಗ ಮೂತಿಯನ್ನು ಮೆಲ್ಲಗೆ ಎತ್ತಬೇಕು. ಬೇಗ ಎತ್ತಿದರೆ ವೇಗ ಕುಂದಿ ದೊಪ್ಪನೆ ಬೀಳುತ್ತದೆ. ತಡವಾದರೆ ಗಾಲಿ ನೆಲಕ್ಕೆ ಬಡಿದು ಚೆಂಡಿನಂತೆ ಪುಟಿಯುತ್ತದೆ. ಪುಟಿದದ್ದನ್ನು ಬಲವಂತವಾಗಿ ಕೆಳಗೊತ್ತಲು ಹೋದರೆ ಮುಂದಿನ ಗಾಲಿ ಮುರಿಯಬಹುದು. ಬಾಲದಲ್ಲಿ ಗಾಲಿ ಇರುವ ವಿಮಾನವಾದರೆ ಮತ್ತೂ ಜೋಕೆ. ಭಾರವೆಲ್ಲ ದೊಡ್ಡ ಗಾಲಿಗಳ ಹಿಂದಿರುವುದರಿಂದ, ಕೊಂಚ ಓರೆಯಾಗಿ ನೆಲ ಮುಟ್ಟಿದರೂ ಗಿರ್ರನೆ ತಿರುಗಿ ರೆಕ್ಕೆ ನೆಲಕ್ಕೆ ತಾಗೀತು.

ಮನೆಯಲ್ಲಿ ಕಟ್ಟಿದ ವಿಮಾನಗಳ ಸ್ವಭಾವವೂ ಒಂದೊಂದರದು ಒಂದೊಂದು ಥರ. 2012ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಇವುಗಳ ಅಪಘಾತಗಳನ್ನು ಅಧ್ಯಯನ ಮಾಡಿ, ಕೈಗೆ ಹೊಸದಾದ ವಿಮಾನಕ್ಕೆ ತಕ್ಕ ತರಬೇತಿ ಅಗತ್ಯವೆಂದು ಒತ್ತಿ ಹೇಳಿತು.

ಕಲಿಸುವವರ ಮುಂದೆಯೂ ಇನ್ನೊಂದು ಜೊತೆ ಹಿಡಿಕೆ ಇರುತ್ತದೆ. ಅವರು ಬೇಗ ಕೈ ಹಾಕಿದರೆ ಶಿಷ್ಯೆ ಕಲಿಯಳು. ತಡಮಾಡಿದರೆ ವಿಮಾನ ಉಳಿಯದು. ಮೊದಲ ಸಲ ಮಗಳನ್ನು ಕಾದ ಎಣ್ಣೆಯ ಮುಂದೆ ನಿಲ್ಲಿಸಿ ಜಾಲರಿ ಸೌಟು ಕೊಟ್ಟ ತಾಯಿಗೆ ಈ ಪಾಡು ಚೆನ್ನಾಗಿ ಗೊತ್ತು.

ಅಂದು ನಮ್ಮ ಹುಡುಗಿಯ ವಿಮಾನ ನೆಲ ತಾಗಿ ಪುಟಿದೇಬಿಟ್ಟಿತು. ನನ್ನ ಬಾಯಲ್ಲಿ ರಾಯರ ಹೆಸರು! ಅಷ್ಟರಲ್ಲಿ ಎಂಜಿನ್ ಮೊರೆಯಿತು. ವಿಮಾನ ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬಂದು, ಹೂವಿನ ಬುಟ್ಟಿ ಇಳಿಸಿದ ಹಾಗೆ ಇಳಿಯಿತು.

"ಗುರುಗಳು ಉಳಿಸಿದರೇನೇ?" ಎಂದು ಕೇಳಿದೆ.

"ಇಲ್ಲ ಚಿಕ್ಕಮ್ಮ, ನಾನೇ ಎತ್ತಿದೆ. ಸರಿಯಿಲ್ಲ ಅನ್ನಿಸಿದರೆ ಹಟ ಮಾಡ್ದೆ ಮತ್ತೊಂದು ಸುತ್ತು ಹಾಕು ಅನ್ನೋದೇ ಅವರ ಮೊದಲ ಪಾಠ."

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. "ಬೇಡ ಅನ್ನೋಕೆ ಬಾಯಿ ಬರಲಿಲ್ಲ ಕಣಕ್ಕಾ. ಮತ್ತೊಂದು ಸುತ್ತು ಹಾಕೋಕೆ ಯಾವತ್ತೂ ನಾಚ್ಕೋಬೇಡ ಅಂತ ಮಾತ್ರ ಹೇಳಿದೀನಿ."

ಜುಲೈನಲ್ಲಿ ಆ ಕಡೆ ಮಕ್ಕಳ ಮನೆಗೆ ಹೋಗುವ ಸೋದರಿಯರು ಆಷ್‌ಕಾಷ್ ನೋಡಿ ಬನ್ನಿ. ಬಿಸಿಲಿಗೊಂದು ಟೋಪಿ, ನಡೆಯಲು ಮೆತ್ತನೆಯ ಚಪ್ಪಲಿ ಮರೆಯಬೇಡಿ.