ಕಪಿಲೆಯ ಸೇತುವೆಯೂ ಮಿಕಾಡೊ ಎಂಜಿನ್ನೂ

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರಕ್ಕೆ ಬಂದ ಪ್ರವಾಸಿಗೆ ಊರಿನ ಹೆಸರೇ ಹಳೆಯ ಕಾಲವೊಂದನ್ನು ನೆನಪಿಗೆ ತರುತ್ತದೆ. ಛತ್ರವೆಂಬುದು ಕಾಲ್ನಡಿಗೆಯ ಯುಗದ ಮಾತು. ಯಾತ್ರಿಕರು ಬುತ್ತಿ ಬಿಚ್ಚಿ, ದಣಿವಾರಿಸಿಕೊಂಡು, ಬೆಳಗಿನ ತಂಪಿನಲ್ಲಿ ಮತ್ತೆ ಹೆಜ್ಜೆ ಹಾಕುತ್ತಿದ್ದ ದಿನಗಳವು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂದಿತು. 1926ರಲ್ಲಿ ಅದು ಚಾಮರಾಜನಗರವನ್ನು ಮುಟ್ಟಿತು. ಶ್ರೀಕಂಠೇಶ್ವರನ ಭಕ್ತರ ಕಾಲಿಗೆ ಗಾಲಿ ಮೂಡಿದಂತಾಯಿತು.

ಈ ಹಾದಿಯ ಸೋಜಿಗವನ್ನು ನೋಡಬೇಕಾದರೆ ನಂಜನಗೂಡಿನ ಬಳಿ ಕಪಿಲೆಯ ದಡದಲ್ಲಿ ನಿಲ್ಲಬೇಕು. ಅಲ್ಲಿರುವ ಸೇತುವೆಯನ್ನು ಕಟ್ಟಿಸಿದವನು ದಳವಾಯಿ ದೇವರಾಜಯ್ಯ, ಕಟ್ಟಿದ್ದು 1735ರಲ್ಲಿ. ಉಗಿ ಎಂಜಿನ್ ಮೊತ್ತಮೊದಲು ಹಳಿಯ ಮೇಲೆ ಓಡಿದ್ದು 1804ರಲ್ಲಿ, ದೂರದ ವೇಲ್ಸ್ ಪ್ರಾಂತದಲ್ಲಿ. ಅಂದರೆ ರೈಲೆಂಬುದು ಹುಟ್ಟುವ ಮೊದಲೇ ಹುಟ್ಟಿದ ಸೇತುವೆಯಿದು! ಬಂಡಿಗಳಿಗೆಂದು ಕಟ್ಟಿದ ಆ ಸೇತುವೆ ಮುಂದೆ ರೈಲನ್ನೂ ಹೊತ್ತಿತು.

ಅದು ಹೇಗೆ ಸಾಧ್ಯವಾಯಿತು? ಸೇತುವೆಯ ಕಾಲುಗಳನ್ನು ನೋಡಿದರೆ ಅರ್ಥವಾಗುತ್ತದೆ. ಹತ್ತಿರ ಹತ್ತಿರದಲ್ಲಿ ಸಾಲಾಗಿ ನಿಂತ ಗಿಡ್ಡ ಕಂಬಗಳು ಒಂದರ ಹೊರೆಯನ್ನು ಇನ್ನೊಂದು ಹಂಚಿಕೊಳ್ಳುತ್ತವೆ.

ಸರಕಿನ ಎಂಜಿನ್ ಕಟ್ಟಿದವರೂ ಹಿಡಿದದ್ದು ಇದೇ ಉಪಾಯವನ್ನು. 1897ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಬಾಲ್ಡ್‌ವಿನ್ ಕಾರ್ಖಾನೆ ಜಪಾನಿನ ನಿಪ್ಪಾನ್ ರೈಲ್ವೆಗಾಗಿ ಹೊಸ ಬಗೆಯ ಎಂಜಿನ್ನುಗಳನ್ನು ಕಟ್ಟಿತು. ಮುಂದೆ ತಿರುವಿನಲ್ಲಿ ದಾರಿ ತೋರುವ ಎರಡು ಚಿಕ್ಕ ಗಾಲಿಗಳು. ನಡುವೆ ಹೊರೆ ಎಳೆಯುವ ಎಂಟು ಗಾಲಿಗಳು. ಹಿಂದೆ ಅಗಲವಾದ ಬೆಂಕಿಗೂಡನ್ನು ಹೊರುವ ಎರಡು ಗಾಲಿಗಳು. ಬೆಂಕಿಗೂಡು ಅಗಲವಾದುದರಿಂದ ಕೀಳು ದರ್ಜೆಯ ಕಲ್ಲಿದ್ದಲೂ ಸಾಕಾಗುತ್ತಿತ್ತು. ಜಪಾನಿನ ಚಕ್ರವರ್ತಿಯ ಬಿರುದಾದ ‘ಮಿಕಾಡೊ’ ಎಂಬುದೇ ಈ ಬಗೆಯ ಎಂಜಿನ್ನಿನ ಹೆಸರಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಸರಕು ಸಾಗಣೆಗೆ ಮಿಕಾಡೊ ಬೆನ್ನೆಲುಬಾಯಿತು.

1941ರಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆರಗಿದಾಗ ಶತ್ರುವಿನ ದೊರೆಯ ಹೆಸರು ಅಮೆರಿಕನ್ನರಿಗೆ ಕಹಿಯಾಯಿತು. ಕೆಲವರು ಅದೇ ಎಂಜಿನ್ನನ್ನು ಸೇನಾಪತಿ ಮ್ಯಾಕ್‌ಆರ್ಥರನ ಹೆಸರಿನಿಂದ ಕರೆಯತೊಡಗಿದರು. ಯುದ್ಧಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೀಟರ್ ಗೇಜ್ ಮಿಕಾಡೊಗಳಿಗೂ ಮ್ಯಾಕ್‌ಆರ್ಥರ್ ಎಂಬ ಹೆಸರೇ ನಿಂತಿತು. ಹೆಸರು ಬದಲಾಯಿತು; ಎಳೆಯುವ ಹೊರೆ ಬದಲಾಗಲಿಲ್ಲ.

ಸ್ವಾತಂತ್ರ್ಯಾನಂತರ, 1949ರಿಂದ, ಭಾರತದ ಮೀಟರ್ ಗೇಜ್ ಮಾರ್ಗಗಳಿಗೆಂದು ಇದೇ ಗಾಲಿಕ್ರಮದ ‘ವೈಜಿ’ ಎಂಜಿನ್ನುಗಳು ಬಂದವು. ಮೊದಲು ಹೊರದೇಶಗಳಿಂದ ಬಂದ ಇವು ಬಳಿಕ ನಮ್ಮ ನೆಲದಲ್ಲಿಯೇ ತಯಾರಾದವು. 1972ರ ಹೊತ್ತಿಗೆ ಒಟ್ಟು 1,074 ಸಿದ್ಧವಾಗಿದ್ದವು. ಒಂದೊಂದು ಅಚ್ಚು ಹಳಿಯ ಮೇಲೆ ಹೇರುತ್ತಿದ್ದುದು ಸುಮಾರು ಹತ್ತೂವರೆ ಟನ್ ಮಾತ್ರ. ಹಗುರ ಹಳಿ, ಹಳೆಯ ಸೇತುವೆಗಳ ನಾಡಿನಲ್ಲಿ ಬಲಕ್ಕಿಂತಲೂ ಬಲವನ್ನು ಹಂಚುವ ಜಾಣ್ಮೆಯೇ ದೊಡ್ಡದಲ್ಲವೇ?

ಉಗಿಯ ಕಾಲ ಮುಗಿಯಿತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುವಾಗ, 2007ರಲ್ಲಿ, ಕಪಿಲೆಯ ಹಳೆಯ ಸೇತುವೆಗೂ ರೈಲಿನ ಸೇವೆಯಿಂದ ಬಿಡುಗಡೆ ದೊರೆಯಿತು. ಈಗ ರೈಲುಗಳು ಹೊಸ ಸೇತುವೆಯ ಮೇಲೆ ಹೊಳೆ ದಾಟುತ್ತವೆ.

ಮಕ್ಕಳಿಗೆ ಉಗಿ ಎಂಜಿನ್ ತೋರಿಸಬೇಕೆಂಬ ತಂದೆತಾಯಿಗಳಿಗೆ ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಕೆಲಸ ಮುಗಿದ ಎಂಜಿನ್ನನ್ನು ಹೊತ್ತು ತಂದು, ಬಣ್ಣ ಬಳಿದು, ನೆರಳಿನಲ್ಲಿ ನಿಲ್ಲಿಸಬಹುದು. ಸೇತುವೆಯನ್ನು ಹಾಗೆ ತರಲಾಗದು. ಅದು ಉಳಿಯುವುದಾದರೆ ಹೊಳೆಯ ನಡುವೆಯೇ, ಪ್ರತಿ ಮಳೆಗಾಲದ ನೆರೆಗೆ ಎದೆಯೊಡ್ಡಿಯೇ ಉಳಿಯಬೇಕು. ಎತ್ತಿನ ಬಂಡಿಯಿಂದ ರೈಲಿನವರೆಗೆ ಬಂದ ಭಾರವನ್ನೆಲ್ಲ ಹೊತ್ತ ಆ ಕಂಬಗಳ ಯೋಗಕ್ಷೇಮದ ಭಾರ ಇನ್ನು ನಾಡಿನವರದು.