ದೇವರ ಜಗುಲಿಯ ಸ್ವಿಚ್ಚು

ತುಂಗಭದ್ರೆಯ ದಡದ ನಮ್ಮೂರು ಚೀಕಲಪರ್ವಿಯನ್ನು ನಾಡಿನ ಜನ ವಿಜಯದಾಸರು ಹುಟ್ಟಿದ ಊರೆಂದು ಬಲ್ಲರು. ಆದರೆ ಊರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಮೊದಲು ಬಂದು ನಿಲ್ಲುವುದು ನಮ್ಮ ಹಳೆಯ ಮನೆಯ ದೇವರ ಜಗುಲಿಯ ಪಕ್ಕದ ಗೋಡೆ, ಆ ಗೋಡೆಯ ಮೇಲಿನ ದುಂಡನೆಯ ಕಪ್ಪು ಸ್ವಿಚ್ಚು, ಅದರ ಕೆಳಗೆ ಮೊಳೆಗೆ ತೂಗುಹಾಕಿದ್ದ ಒಂದು ಗೇಣುದ್ದದ ಬೇವಿನ ಕೋಲು.

ಅದು 1993ರ ಶ್ರಾವಣ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮಣ್ಣಿನ ಗೋಡೆ ನೀರುಂಡು ತಣ್ಣಗಾಗಿತ್ತು. ಅವ್ವ ಎಂದಿನಂತೆ ಬೆಳಗು ಹರಿಯುವ ಮೊದಲೇ ಸ್ನಾನ ಮುಗಿಸಿ, ಲಿಂಗಪೂಜೆಗೆ ಕೂಡಲೆಂದು ಜಗುಲಿಯ ದೀಪ ಹಚ್ಚಲು ಒದ್ದೆ ಕೈಯನ್ನೇ ಸ್ವಿಚ್ಚಿಗೆ ಚಾಚಿದ್ದಳು. ಸ್ವಿಚ್ಚಿನ ಮುಚ್ಚಳದ ಒಂದು ಚೂರು ಒಡೆದು ಒಳಗಿನ ಹಿತ್ತಾಳೆ ಕಾಣುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು. ಸಂತೆಗೆ ಹೋದಾಗ ಹೊಸದು ತಂದರಾಯಿತು ಎಂದು ತಿಂಗಳುಗಟ್ಟಲೆ ಬಿಟ್ಟಿದ್ದೆವು. ಕೂಗು ಕೇಳಿ ನಾನು ಓಡಿ ಬಂದಾಗ ಅವ್ವ ಜಗುಲಿಯ ಬುಡದಲ್ಲಿ ಬಿದ್ದಿದ್ದಳು. ಬಲಗೈಯ ಎರಡು ಬೆರಳು ಕರ್ರಗಾಗಿದ್ದವು. ಎಡಗೈ ಕೊರಳಲ್ಲಿದ್ದ ಕರಡಿಗೆಯನ್ನು ಬಿಗಿಯಾಗಿ ಹಿಡಿದಿತ್ತು.

"ಏನಾತವ್ವ?" ಎಂದೆ.

"ಯಾರೋ ಕೈ ಹಿಡಿದು ಜಗ್ಗಿದಂಗಾತಪ್ಪ. ಬಿಡಿಸ್ಕೊಳ್ಳಾಕ ಬರಲಿಲ್ಲ. ಕಾಲು ಜಾರಿ ಬಿದ್ದೆ ನೋಡು, ಅದ್ಕ ಉಳಿದೆ."

ಅವ್ವ ಉಳಿದಳು. ಆದರೆ ಅಂದಿನಿಂದ ಯಾವ ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟಲಿಲ್ಲ. ಮರುದಿನವೇ ನಾನು ಸ್ವಿಚ್ಚು ಬದಲಿಸಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಬೇವಿನ ಕೋಲೊಂದನ್ನು ತಾನೇ ಹೆರೆದು ಒಣಗಿಸಿ ಗೋಡೆಗೆ ತೂಗುಹಾಕಿದಳು. ಅದರ ತುದಿಯಿಂದ ದೀಪ ಹಚ್ಚುವಳು, ಅದರಿಂದಲೇ ಆರಿಸುವಳು.

ಅವ್ವನಿಗೆ ಹೇಳದ ಮಾತೊಂದು ನನ್ನ ಎದೆಯಲ್ಲಿತ್ತು. ಆ ಘಟನೆಗೆ ಹದಿನೈದು ದಿನ ಮೊದಲು ಮನೆಯ ಫ್ಯೂಜು ಮೇಲಿಂದ ಮೇಲೆ ಸುಡುತ್ತಿದೆಯೆಂದು ಬೇಸತ್ತು, ತಂತಿಯ ನಾಲ್ಕೈದು ಎಳೆಗಳನ್ನು ಹೊಸೆದು ದಪ್ಪಗೆ ಕಟ್ಟಿದವನು ನಾನೇ. ತೆಳುವಾದ ಫ್ಯೂಜು ತಂತಿ ಇದ್ದಿದ್ದರೆ ಅದು ಸುಟ್ಟು ಅವ್ವನ ಕೈ ಬಿಡುತ್ತಿತ್ತು ಎಂಬ ಪಶ್ಚಾತ್ತಾಪ ಎಷ್ಟೋ ವರ್ಷ ನನ್ನನ್ನು ಕಾಡಿತು. ಮುಂದೆ ಮಾನ್ವಿಯ ಶಾಲೆಯಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುತ್ತಿದ್ದಾಗ ಒಂದು ದಿನ ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತ ನಾನೇ ಬೆಚ್ಚಿದೆ. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದು ಹಿಡಿದರೂ 230 ವೋಲ್ಟಿನಲ್ಲಿ ಮೈಯೊಳಗೆ ಹರಿಯುವುದು ಕಾಲು ಆಂಪಿಯರಿಗಿಂತ ಕಡಿಮೆ. ಮನೆಯ ಫ್ಯೂಜಾದರೋ 5 ಆಂಪಿಯರಿನದು! ನಾನು ಸರಿಯಾದ ತಂತಿಯನ್ನೇ ಕಟ್ಟಿದ್ದರೂ ಅದು ಅಲುಗಾಡುತ್ತಿರಲಿಲ್ಲ. ಮನುಷ್ಯನ ಜೀವ ತೆಗೆಯಲು ಬೇಕಾದ ವಿದ್ಯುತ್ತು ಫ್ಯೂಜಿನ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಫ್ಯೂಜು ಕಾಯುವುದು ತಂತಿಯನ್ನು, ಮನೆಯನ್ನು, ಮನೆಯಲ್ಲಿರುವವರನ್ನಲ್ಲ. ದಪ್ಪ ತಂತಿ ಕಟ್ಟಿದ್ದು ತಪ್ಪೇ. ಮನೆಗೆ ಬೆಂಕಿ ಬೀಳುವ ತಪ್ಪು. ಆದರೆ ಅವ್ವನ ಕೈ ಸುಟ್ಟುದಕ್ಕೆ ಕಾರಣ ಅದಲ್ಲ, ಆ ಒಡೆದ ಮುಚ್ಚಳ. ಹೀಗೆ ಒಂದು ಪಾಪದಿಂದ ಬಿಡುಗಡೆಯಾಗಿ ಇನ್ನೊಂದಕ್ಕೆ ಸಿಕ್ಕಿಕೊಂಡೆ.

ಅಂದಿನಿಂದ ಈ ಸಣ್ಣ ವಸ್ತುಗಳ ಬಗೆಗೆ ಓದುವ ಗೀಳು ಹತ್ತಿತು. ಎರಡು ಲೋಹದ ತುಂಡುಗಳನ್ನು ಕೂಡಿಸುವುದು, ಅಗಲಿಸುವುದು; ಸ್ವಿಚ್ಚಿನಲ್ಲಿ ಸುಧಾರಿಸುವುದೇನಿದೆ ಎಂದು ಓದುಗರು ಕೇಳಬಹುದು. ಕಷ್ಟವಿರುವುದು ಅಗಲಿಸುವುದರಲ್ಲಿ. ತುಂಡುಗಳನ್ನು ಮೆಲ್ಲಗೆ ದೂರ ಸರಿಸಿದರೆ ವಿದ್ಯುತ್ತು ನಡುವಿನ ಗಾಳಿಯಲ್ಲೇ ಕಿಡಿಯಾಗಿ ಹಾಯುತ್ತ ಲೋಹವನ್ನು ಸುಡುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ ಎಂಬಾತ 1884ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡ. ಬೆರಳು ಎಷ್ಟೇ ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗು ತುಂಡುಗಳನ್ನು ಥಟ್ಟನೆ ಬೇರ್ಪಡಿಸಬೇಕು ಎಂಬುದೇ ಆ ಉಪಾಯ. ನಾವು ದಿನವೂ ಕೇಳುವ 'ಟಕ್' ಎಂಬ ಸದ್ದು ಅದರದೇ. ಹೊರಗಿನ ಮುಚ್ಚಳ ಹಿತ್ತಾಳೆಯಿಂದ ಬೇಕಲೈಟಿಗೆ, ಅಲ್ಲಿಂದ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟಿಗೆ ಬಂದಿತು. ಮೂರು ಕಾಲಿನ ಪ್ಲಗ್ಗಿನ ಉದ್ದನೆಯ ಕಾಲು ಒಳಗೆ ಹೊಕ್ಕಾಗಲಷ್ಟೇ ಉಳಿದೆರಡು ತೂತುಗಳ ಬಾಗಿಲು ತೆರೆಯುವ ಸಾಕೆಟ್ಟುಗಳೂ ಬಂದವು. ಕಡ್ಡಿ ತೂರಿಸಿ ಆಡುವ ಕೂಸುಗಳಿರುವ ಮನೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಫ್ಯೂಜಿನ ಜಾಗಕ್ಕೆ ಬಂದುದು ನಾವೀಗ ಎಂ.ಸಿ.ಬಿ. ಎಂದು ಕರೆಯುವ ಪುಟ್ಟ ಬ್ರೇಕರು. ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಹ್ಯೂಗೊ ಸ್ಟಾಟ್ಸ್ ಎಂಬಾತನ ಸಂಸ್ಥೆ 1924ರಲ್ಲಿ ಇದಕ್ಕೆ ರೂಪ ಕೊಟ್ಟಿತು. ಹೊರೆ ಹೆಚ್ಚಾದರೆ ಒಳಗಿನ ಜೋಡಿಲೋಹದ ಪಟ್ಟಿ ಕಾಯ್ದು ಬಾಗುತ್ತದೆ. ತಂತಿಗೆ ತಂತಿ ತಗುಲಿದರೆ ಸುರುಳಿಯೊಂದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಕೊಂಡಿ ಕಳಚುತ್ತದೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಗುಣ. ಯಾರಾದರೂ ಹಟದಿಂದ ಅದರ ಗುಬ್ಬಿಯನ್ನು ಮೇಲೆತ್ತಿ ಹಿಡಿದರೂ ಒಳಗಿನ ಕೊಂಡಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ನಮ್ಮ ಹೊಳೆದಂಡೆಯ ಪಂಪ್‌ಸೆಟ್ಟುಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ರಾತ್ರಿ ಕರೆಂಟು ಬಂದಾಗ ಮೋಟಾರು ತಾನಾಗಿ ತಿರುಗಲೆಂದು ಸ್ಟಾರ್ಟರಿನ ಗುಂಡಿಗೆ ಕಟ್ಟಿಗೆ ಸಿಕ್ಕಿಸಿ ಮನೆಗೆ ಬರುವ ರೈತರನ್ನು ನಾನು ಕಂಡಿದ್ದೇನೆ. ಅವ್ವನ ಕೋಲು ಜೀವ ಉಳಿಸಿಕೊಳ್ಳಲು ಇದ್ದುದು, ಈ ಕೋಲು ಜೀವಕ್ಕೇ ಎರವಾಗುವಂಥದು.

ಆದರೆ ಎಂ.ಸಿ.ಬಿ.ಯೂ ಫ್ಯೂಜಿನಂತೆ ತಂತಿಯ ಕಾವಲುಗಾರನೇ. ಮನುಷ್ಯನನ್ನು ಕಾಯುವ ಸಾಧನದ ಹಿಂದೆ ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಝೀಲ್ ಅವರ ದುಡಿಮೆಯೂ ಇದೆ. ಎಷ್ಟು ವಿದ್ಯುತ್ತು ಹರಿದರೆ ಹಿಡಿದ ಕೈಯನ್ನು ಬಿಡಲಾಗದು ಎಂದು ಅವರು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರು, ಹೆಂಗಸರಿಗೆ ಸುಮಾರು ಹತ್ತೂವರೆ. ಈ ಅಂಕಿಯನ್ನು ಓದಿದಾಗ "ಬಿಡಿಸ್ಕೊಳ್ಳಾಕ ಬರಲಿಲ್ಲ" ಎಂಬ ಅವ್ವನ ಮಾತು ಕಿವಿಯಲ್ಲಿ ಮೊಳಗಿತು. 1961ರಲ್ಲಿ ಅವರು ರೂಪಿಸಿದ ಸಾಧನದ ತತ್ತ್ವವೇ ಇಂದಿನ ಆರ್.ಸಿ.ಸಿ.ಬಿ.ಯದೂ ಆಗಿದೆ. ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಒಂದೇ ಉಂಗುರದೊಳಗಿಂದ ಹಾಯುತ್ತವೆ. ಲೆಕ್ಕ ಸರಿಹೊಂದಿದರೆ ಉಂಗುರ ಸುಮ್ಮನಿರುತ್ತದೆ. 30 ಮಿಲಿಆಂಪಿಯರಿನಷ್ಟು ಎಲ್ಲಿಯೋ ಸೋರಿತು ಎಂದರೆ, ಬಹುಶಃ ಯಾರದೋ ಮೈಯ ಮೂಲಕ ಎಂದರೆ, ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಮನೆಯ ಕರೆಂಟನ್ನೇ ಕಡಿಯುತ್ತದೆ. ಮೂವತ್ತು ಹತ್ತಕ್ಕಿಂತ ಹೆಚ್ಚಲ್ಲವೇ ಎಂದು ಕೇಳಬಹುದು. ಹೌದು, ಹೊಡೆತದ ಅರಿವಾಗದೆ ಇರದು; ಆದರೆ ಎದೆಬಡಿತ ಕೆಡುವ ಮೊದಲೇ ಕೈ ಬಿಡುಗಡೆಯಾಗುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದವನನ್ನು ಮಾತ್ರ ಇದು ಕಾಯಲಾರದು, ಏಕೆಂದರೆ ಅಲ್ಲಿ ಲೆಕ್ಕ ತಪ್ಪುವುದೇ ಇಲ್ಲ.

ನಮ್ಮ ಜಿಲ್ಲೆಯ ಶಕ್ತಿನಗರದ ಸ್ಥಾವರ 1985ರಿಂದ ನಾಡಿಗೆ ವಿದ್ಯುತ್ತು ಕೊಡುತ್ತ ಬಂದಿದೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡಿ ಬ್ರೇಕರುಗಳನ್ನು ಪರೀಕ್ಷಿಸುತ್ತದೆ. ಇಷ್ಟೆಲ್ಲ ಇದ್ದೂ ನಮ್ಮ ಮನೆಗೆ ಆರ್.ಸಿ.ಸಿ.ಬಿ. ಬಂದುದು 2009ರಲ್ಲಿ, ಹೊಸದಾಗಿ ವೈರಿಂಗ್ ಮಾಡಿಸಿದಾಗ. ಹಣ ಉಳಿಸಲೆಂದು ದೇವರ ಜಗುಲಿಯ ಗೋಡೆಯ ಹಳೆಯ ತಂತಿಯನ್ನು ಹಾಗೆಯೇ ಬಿಟ್ಟಿದ್ದೆವು.

ಮೊದಲ ಮಳೆಗೇ ಅದು ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ತಮ್ಮ ರೇಗಿದ. ವೈರಿಂಗ್ ಮಾಡಿದ ಹುಡುಗ, "ಸರ್, ಇದು ಕಿರಿಕಿರಿ ರೀ. ತೆಗೆದು ನೇರ ಕೊಟ್ಟುಬಿಡ್ತೀನಿ" ಎಂದ. ನಾನು ಒಪ್ಪಲಿಲ್ಲ. ಒಂದೊಂದೇ ಲೈನನ್ನು ಬಿಚ್ಚುತ್ತ, ಹಚ್ಚುತ್ತ ಇಡೀ ದಿನ ಹುಡುಕಿದೆವು. ಸಂಜೆಗೆ ಸಿಕ್ಕಿತು. ನೀರುಂಡ ಜಗುಲಿಯ ಗೋಡೆಯೊಳಗೆ ಹೊದಿಕೆ ಬಿರಿದ ಹಳೆಯ ತಂತಿ! ಹದಿನಾರು ವರ್ಷದ ಹಿಂದೆ ಅವ್ವನನ್ನು ಕೆಡವಿದ ಅದೇ ಗೋಡೆ. ಹುಡುಗ ಮಾತಾಡದೆ ಅದನ್ನು ಕಿತ್ತು ಹೊಸದನ್ನು ಎಳೆದ.

ಇದನ್ನೆಲ್ಲ ನೋಡುತ್ತ ಕುಳಿತಿದ್ದ ಅವ್ವನಿಗೆ ಆ ಪೆಟ್ಟಿಗೆಯ ಮೇಲೆ ವಿಶ್ವಾಸ ಹುಟ್ಟಿತು. ಅದರಲ್ಲಿ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಕರೆಂಟು ಹೋಗಬೇಕು, ಹೋಗದಿದ್ದರೆ ಸಾಧನ ಕೆಟ್ಟಿದೆಯೆಂದು ಅರ್ಥ. ತಿಂಗಳಿಗೊಮ್ಮೆ ಒತ್ತಬೇಕೆಂದು ಹೇಳಿದೆ. ಮರೆಯಬಾರದೆಂದು ಅವಳು ಅಮಾವಾಸ್ಯೆಯನ್ನು ಗೊತ್ತುಮಾಡಿಕೊಂಡಳು. ಮೊದಲ ಸಲ ಕೋಲಿನಿಂದ ಒತ್ತಿದಳು. ಎರಡನೆಯ ಅಮಾವಾಸ್ಯೆಗೆ ಕೈ ಒರೆಸಿಕೊಂಡು ಬೆರಳಿನಿಂದ.

ಅವ್ವ ಲಿಂಗೈಕ್ಯಳಾದುದು 2016ರಲ್ಲಿ. ಈಗ ಆ ಗುಂಡಿಯನ್ನು ತಮ್ಮನ ಹೆಂಡತಿ ಒತ್ತುತ್ತಾಳೆ. ದೀಪಗಳು ಒಮ್ಮೆಗೇ ಆರಿದಾಗ ಮೊಮ್ಮಕ್ಕಳು ಕತ್ತಲಲ್ಲೇ "ಅಮ್ಮನ ಅಮಾಸಿ ಬಂತು" ಎಂದು ಕೂಗುತ್ತಾರೆ.